ತೂಕ ಕಮ್ಮಿ, ಜಾಗ ಜಾಸ್ತಿ

ಮೈಸೂರಿನಲ್ಲಿ ಮನೆ ಕಟ್ಟಿಸುವವರು ಮೊದಲು ದೇವರ ಮನೆ ಎಲ್ಲಿ ಬರಬೇಕು ಅಂತ ಯೋಚಿಸುತ್ತಾರೆ, ಆಮೇಲೆ ತೆಂಗಿನ ಚಿಪ್ಪು ಎಲ್ಲಿಡೋದು ಅಂತ. ಹಂಡೆ ಒಲೆ ಹೋಗಿ ಗೀಸರ್ ಬಂತು. ಗೀಸರ್ ಹಿಂದೆ ಸರಿದು ತಾರಸಿಗೆ ಸೋಲಾರ್ ಹತ್ತಿತು. ಚಿಪ್ಪು ಮಾತ್ರ ಎಲ್ಲೂ ಹೋಗಲಿಲ್ಲ. ಕುವೆಂಪುನಗರದಿಂದ ಒಂಟಿಕೊಪ್ಪಲಿನವರೆಗೆ ಯಾರ ಮನೆಯ ಅಟ್ಟ ಹತ್ತಿ ನೋಡಿದರೂ ನಾಲ್ಕು ಗೋಣಿಚೀಲ ಇದ್ದೇ ಇರುತ್ತವೆ. ಒಂದರಲ್ಲಿ ಚಿಪ್ಪು, ಇನ್ನೊಂದರಲ್ಲಿ ನಾರು, ಮತ್ತೊಂದರಲ್ಲಿ ಮಲೆನಾಡಿನ ನೆಂಟರು ಕೊಟ್ಟ ಅಡಿಕೆ ಹಾಳೆ. ನಾಲ್ಕನೆಯದರಲ್ಲಿ ಖಾಲಿ ಗೋಣಿಚೀಲಗಳು. ನಿಮ್ಮ ಮನೆಯಲ್ಲಿ ಇಲ್ಲ ಅಂತೀರಾ? ಹೋಗಿ ನೋಡಿಕೊಂಡು ಬನ್ನಿ, ಕಾಯ್ತೀನಿ.

ಇವನ್ನೆಲ್ಲ ಬಿಸಾಕುವ ಹಾಗಿಲ್ಲ, ಮುಂದೆ ಬೇಕಾಗುತ್ತೆ. ಮುಂದೆ ಅಂದರೆ ಯಾವಾಗ ಅಂತ ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ. ಕೊನೆಗೂ ಆ ದಿನ ಬಂದದ್ದು ಪುಣೆಯಿಂದ ಮಗಳ ಫೋನಿನ ಮೂಲಕ.

"ಅಪ್ಪಾ, ಇಲ್ಲಿ ಆನ್‌ಲೈನಲ್ಲಿ ತೆಂಗಿನ ಚಿಪ್ಪು ಮಾರ್ತಾರೆ! ಬರೀ ಖಾಲಿ ಚಿಪ್ಪು! ಡಿಸ್ಕೌಂಟ್ ಬೇರೆ ಇದೆ!"

ಅಟ್ಟದ ಕಡೆ ನೋಡಿದೆ. ಅಲ್ಲಿ ಕೂತಿದ್ದದ್ದು ಕಸವಲ್ಲ, ಬಂಡವಾಳ. ಬಾಲ್ಕನಿಯಲ್ಲಿ ತೋಟ ಮಾಡಿದ್ದ ಮಗಳು ಪಟ್ಟಿ ಓದಿದಳು: ಗಿಡಕ್ಕೆ ಕಡಲೆಕಾಯಿ ಹಿಂಡಿ, ಭತ್ತದ ಹೊಟ್ಟು, ಕೋಕೋಪೀಟ್ ಅಂತ ಈಗ ಸೂಟು ಬೂಟು ಹಾಕಿಕೊಂಡಿರುವ ತೆಂಗಿನ ನಾರಿನ ಪುಡಿ, ಜೊತೆಗೆ ಸತ್ಯನಾರಾಯಣ ಪೂಜೆಯ ಊಟಕ್ಕೆ ನೂರು ಹಾಳೆ ತಟ್ಟೆ.

"ಕೊರಿಯರ್ ಹುಡುಗನ್ನ ಕರೆದು ಕೊಟ್ಟುಬಿಡಿ, ಅವನೇ ಕಟ್ಕೋತಾನೆ" ಅಂದಳು ನನ್ನವಳು.

ಈ ಮಾತು ನನಗೆ ನಾಟಿತು. ನಾನು ಬಿ.ಕಾಂ. ಪದವೀಧರ. ಅದಕ್ಕಿಂತ ಹೆಚ್ಚಾಗಿ, ದಿನಾ ಬೆಳಿಗ್ಗೆ ವಾಕಿಂಗ್ ಹೋಗುವುದು ಸಿ.ಎಫ್.ಟಿ.ಆರ್.ಐ. ಕಾಂಪೌಂಡಿನ ಪಕ್ಕದಲ್ಲಿ. 1950ರಿಂದ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆಹಾರವನ್ನು ಕೆಡದ ಹಾಗೆ ಇಡೋದು ಹೇಗೆ, ಕಟ್ಟೋದು ಹೇಗೆ ಅಂತ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದಾರೆ. ಪ್ಯಾಕಿಂಗಿಗೇ ಅಲ್ಲೊಂದು ವಿಭಾಗ ಇದೆ. ಅಷ್ಟು ವರ್ಷ ಆ ಕಾಂಪೌಂಡಿನ ಗಾಳಿ ಕುಡಿದವನಿಗೆ ಒಂದು ಡಬ್ಬ ಕಟ್ಟೋಕೆ ಬರೋಲ್ಲವೇ?

"ಇದಕ್ಕೆಲ್ಲ ಒಂದು ಶಾಸ್ತ್ರ ಇದೆ ಕಣೇ. ಸರಕಿಗೆ ದರ್ಜೆ ಅಂತಿರುತ್ತೆ, ಅದನ್ನ ತಿಳ್ಕೊಂಡು ಕಟ್ಟಬೇಕು" ಅಂದೆ.

"ತಿಳ್ಕೊಳ್ಳಿ" ಅಂದು ಅವಳು ಹುರುಳಿಕಾಯಿ ಬಿಡಿಸುತ್ತಾ ಕೂತಳು.

ಮೊದಲು ತಟ್ಟೆ. ಮೈಕ್ರೋವೇವ್ ಬಂದಿದ್ದ ಡಬ್ಬ ಮಂಚದ ಕೆಳಗಿತ್ತು (ಅದೂ ಮುಂದೆ ಬೇಕಾಗುತ್ತೆ ಅಂತಲೇ ಇಟ್ಟಿದ್ದು). ಒಂದೊಂದು ತಟ್ಟೆಯನ್ನೂ ಹಳೇ ಪೇಪರಿನಲ್ಲಿ ಪ್ರತ್ಯೇಕವಾಗಿ ಸುತ್ತಿದೆ. ಎರಡು ತಟ್ಟೆಗಳ ನಡುವೆ ಇನ್ನೊಂದಿಷ್ಟು ಪೇಪರ್ ಉಂಡೆ ಮಾಡಿ ತುರುಕಿದೆ. ಮಧ್ಯಾಹ್ನ ಪೂರ್ತಿ ಹೋಯಿತು. ಅದರಲ್ಲಿ ಅರ್ಧ ಸಮಯ ಹಳೇ ಪೇಪರ್ ಓದುವುದಕ್ಕೆ ಹೋಯಿತು ಅನ್ನುವುದು ನಿಮಗೆ ಹೇಳಬೇಕಾಗಿಲ್ಲ, ಪೇಪರ್ ಹಳೆಯದಾದ ಮೇಲೇ ತಾನೇ ಅದರಲ್ಲಿ ಸ್ವಾರಸ್ಯ ಬರುವುದು. ಸಂಜೆಗೆ ಡಬ್ಬ ಸಿದ್ಧವಾಯಿತು. ಎತ್ತಿ ನೋಡಿದೆ, ಹೂವು! ನಾಲ್ಕು ಕೆಜಿ ಆದರೆ ಹೆಚ್ಚು.

ಕೊರಿಯರ್ ಆಫೀಸಿನ ಹುಡುಗ ತಕ್ಕಡಿಯ ಮೇಲೆ ಇಟ್ಟ. ನಾಲ್ಕು ಕೆಜಿ ಬಂತು. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವನು ಟೇಪು ತೆಗೆದ.

"ಅದ್ಯಾಕಪ್ಪ? ಡಬ್ಬಕ್ಕೆ ಷರ್ಟ್ ಹೊಲಿಸ್ತೀಯಾ?"

ಅವನು ನಗಲಿಲ್ಲ. ಅರವತ್ತು, ನಲವತ್ತೈದು, ನಲವತ್ತು ಅಂತ ಅಳೆದು ಮೂರನ್ನೂ ಗುಣಿಸಿದ. 1,08,000 ಘನ ಸೆಂಟಿಮೀಟರ್. ಅದನ್ನು 5000ದಿಂದ ಭಾಗಿಸಿದ. "ಇಪ್ಪತ್ತೊಂದು ಪಾಯಿಂಟ್ ಆರು ಕೆಜಿ ಸಾರ್. ಇಪ್ಪತ್ತೆರಡು ಹಾಕ್ತೀನಿ."

"ತಕ್ಕಡಿ ನಾಲ್ಕು ಅಂತಿದೆಯಲ್ಲೋ!"

"ಅದು ನಿಮ್ಮ ಸಾಮಾನಿನ ತೂಕ ಸಾರ್. ಇದು ನಿಮ್ಮ ಸಾಮಾನು ಹಿಡಿಯೋ ಜಾಗದ ತೂಕ. ಯಾವುದು ಜಾಸ್ತಿನೋ ಅದಕ್ಕೆ ಬಿಲ್ಲು."

ಹದಿನೆಂಟು ಕೆಜಿ ಶುದ್ಧ ಮೈಸೂರು ಗಾಳಿಯನ್ನು ನಾನು ಪುಣೆಗೆ ಕಳಿಸಲು ಹೊರಟಿದ್ದೆ. ಹಳೇ ಪೇಪರಿನ ಉಂಡೆಗಳ ಸಮೇತ. ಅವನ ಲೆಕ್ಕದಲ್ಲಿ ಅನ್ಯಾಯವೇನೂ ಇರಲಿಲ್ಲ ಅನ್ನುವುದು ಇನ್ನಷ್ಟು ಉರಿಸಿತು. ವಿಮಾನಕ್ಕೆ ಹತ್ತಿ ತುಂಬಿದರೆ ಜಾಗ ಭರ್ತಿಯಾಗುತ್ತೆ, ತೂಕ ಇರೋಲ್ಲ. ಕಬ್ಬಿಣ ತುಂಬಿದರೆ ತೂಕ ಭರ್ತಿಯಾಗುತ್ತೆ, ಜಾಗ ಖಾಲಿ ಹೊಡೆಯುತ್ತೆ. ಸಾಗಿಸುವವನು ಎರಡನ್ನೂ ಮಾರಿ ಹೊಟ್ಟೆ ಹೊರೆಯಬೇಕು. ರೈತನ ಮನೆಯ ಪದಾರ್ಥದಲ್ಲಿ ಕಾಳಿಗೆ ತೂಕ ಇರುತ್ತೆ, ಹೊಟ್ಟಿಗೆ ಜಾಗ ಇರುತ್ತೆ. ನಾನು ಹಿಡಿದಿದ್ದು ಪೂರ್ತಿ ಹೊಟ್ಟಿನ ವ್ಯಾಪಾರ.

ಡಬ್ಬ ಹೊತ್ತು ಮನೆಗೆ ಬಂದೆ. ನನ್ನವಳು ಮಾತಾಡದೆ ಪೇಪರ್ ಎಲ್ಲ ಕಿತ್ತು ಹಾಕಿ, ತಟ್ಟೆಗಳನ್ನು ಒಂದರೊಳಗೊಂದು ಕೂರಿಸಿದಳು. ನೂರೂ ತಟ್ಟೆ ಒಂದು ಕಂಬವಾಗಿ ನಿಂತವು. ಅವನ್ನು ಪ್ರಾವಿಜನ್ ಅಂಗಡಿಯಿಂದ ತಂದ ಸಣ್ಣ ಡಬ್ಬಕ್ಕೆ ಇಳಿಸಿದಳು. ಮೂವತ್ತು, ಮೂವತ್ತು, ನಲವತ್ತು. ಭಾಗಿಸಿ ನೋಡಿ, 7.2 ಕೆಜಿ. ನನ್ನ ಶಾಸ್ತ್ರಕ್ಕೂ ಅವಳ ಕೈಗೂ ನಡುವಿನ ವ್ಯತ್ಯಾಸ ಹದಿನಾಲ್ಕು ಕೆಜಿಗಿಂತ ಹೆಚ್ಚು.

"ಕೇಟರಿಂಗ್‌ನೋರು ಹೀಗೇ ತರೋದು. ಮದುವೆ ಮನೆಯಲ್ಲಿ ನೋಡಿಲ್ವಾ?" ಅಂದಳು.

ಮದುವೆ ಮನೆಯಲ್ಲಿ ನಾನು ತಟ್ಟೆಯ ಮೇಲೆ ಏನಿದೆ ಅಂತ ನೋಡಿದವನು, ತಟ್ಟೆ ಹೇಗೆ ಬಂತು ಅಂತ ನೋಡಿದವನಲ್ಲ.

ಅವತ್ತು ರಾತ್ರಿ ಓದಲು ಕೂತೆ. ಸೋತ ಗಂಡಸಿಗೆ ಓದಿನಷ್ಟು ಒಳ್ಳೆಯ ಆಸರೆ ಇಲ್ಲ. ಸರಕಿಗೆ ದರ್ಜೆ ಕೊಡುವುದು ಎಷ್ಟು ದೊಡ್ಡ ವಿದ್ಯೆ ಅಂತ ಆಗ ತಿಳಿಯಿತು. ನಮ್ಮ ರೈಲ್ವೆಯ ಸರಕು ದರಪಟ್ಟಿಯಲ್ಲಿ 100 ಅನ್ನುವ ದರ್ಜೆ ಬುನಾದಿ. ಅದರ ಮೇಲಿನ ದರ್ಜೆಗಳಿಗೆ ಬಾಡಿಗೆ ಏರುತ್ತಾ ಹೋಗುತ್ತೆ. ಅಮೆರಿಕದ ಲಾರಿಯವರಲ್ಲಿ 50ರಿಂದ 500ರವರೆಗೆ ಹದಿನೆಂಟು ದರ್ಜೆಗಳಿವೆ. ಗಟ್ಟಿಮುಟ್ಟಾದ, ತೂಕದ, ತಂಟೆಯಿಲ್ಲದ ಸಾಮಾನು 50ರಲ್ಲಿ. ಪಿಂಗ್‌ಪಾಂಗ್ ಚೆಂಡಿನಂಥ ಬರೀ ಗಾಳಿಯ ಸಾಮಾನು 500ರಲ್ಲಿ. ದೇಶದಿಂದ ದೇಶಕ್ಕೆ ಹೋಗುವುದಾದರೆ ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್.ಎಸ್. ಪಟ್ಟಿ, 1988ರಿಂದ ಜಾರಿಯಲ್ಲಿದೆ, 97 ಅಧ್ಯಾಯ. ಅದರಲ್ಲಿ ಹುಲ್ಲು ಹೊಟ್ಟಿಗೆ 1213, ತೌಡಿಗೆ 2302, ಕಡಲೆಕಾಯಿ ಹಿಂಡಿಗೆ 2305, ತೆಂಗಿನ ನಾರಿಗೆ 5305. ನಮ್ಮ ಜಿ.ಎಸ್.ಟಿ. ಬಿಲ್ಲಿನಲ್ಲಿ ಎಚ್.ಎಸ್.ಎನ್. ಅಂತ ಬರುತ್ತಲ್ಲ, ಅದಕ್ಕೂ ಇದೇ ಮೂಲ.

"ಕೇಳೇ, ಪ್ರಪಂಚದಲ್ಲಿರೋ ಎಲ್ಲ ವಸ್ತುಗೂ ಇದರಲ್ಲಿ ನಂಬರ್ ಇದೆ! ಸೆಗಣಿ ಗೊಬ್ಬರಕ್ಕೂ ಇದೆ, 3101. ಆದರೆ 77ನೇ ಅಧ್ಯಾಯ ಮಾತ್ರ ಖಾಲಿ. ಮುಂದೆ ಏನಾದ್ರೂ ಬಂದ್ರೆ ಅಂತ ಬಿಟ್ಟಿದ್ದಾರಂತೆ."

"ಯಾವುದಕ್ಕೂ ಸೇರದೇ ಇರೋದನ್ನ ಹಾಕೋಕಾ?"

"ಹೂಂ, ಹಾಗೇ ಅಂದ್ಕೋ."

"ಹಾಗಾದ್ರೆ ನಿಮ್ಮ ಅರ್ಜಿ ಹಾಕಿ. ಲೈಟ್ ಆರಿಸಿ."

ಮರುದಿನ ಹಿಂಡಿಯ ಸರದಿ. ಶಿವರಾಂಪೇಟೆಯ ಕಡೆ ಹೋಗಿ ಮರದ ಗಾಣದಿಂದ ಬಂದ ಕಡಲೆಕಾಯಿ ಹಿಂಡಿ ತಂದೆ. ಗಾಣದ ಹಿಂಡಿಯಲ್ಲಿ ಎಣ್ಣೆ ಹೆಚ್ಚು ಉಳಿದಿರುತ್ತೆ, ಮುಟ್ಟಿದರೆ ಕೈ ಜಿಡ್ಡಾಗುತ್ತೆ, ಬಾಯಿಗೆ ಹಾಕಿದರೆ ಚೆನ್ನಾಗಿಯೂ ಇರುತ್ತೆ. (ನಾನು ನೋಡಿದ್ದೇನೆ. ನೀವೂ ನೋಡಿರುತ್ತೀರಿ.) ಗಟ್ಟಿ ಪದಾರ್ಥ, ತೂಕಕ್ಕೆ ತಕ್ಕಷ್ಟೇ ಜಾಗ. ಈ ಸಲ ಟೇಪಿನವನು ನನ್ನನ್ನು ಏನೂ ಮಾಡುವ ಹಾಗಿರಲಿಲ್ಲ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಡಬ್ಬಕ್ಕೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ ವಿಳಾಸ ಬರೆದು, ಎದೆಯುಬ್ಬಿಸಿಕೊಂಡು ಇನ್ನೊಂದು ಪಾರ್ಸೆಲ್ ಆಫೀಸಿಗೆ ಹೋದೆ. ಕ್ಯೂ ಉದ್ದ ಇತ್ತು. ನನ್ನ ಮುಂದಿದ್ದವರು ಡಬ್ಬ ಇಟ್ಟರು.

"ಒಳಗೇನಿದೆ?"

"ತಿಂಡಿ."

ರಸೀತಿ. ಮುಂದಿನವರು. "ಒಳಗೇನಿದೆ?" "ತಿಂಡಿ." ರಸೀತಿ. ಇಡೀ ಮೈಸೂರು ದಿನಾ ತಿಂಡಿ ಕಳಿಸುತ್ತೆ. ಆ ಡಬ್ಬಗಳಲ್ಲಿ ಇಸ್ತ್ರಿ ಪೆಟ್ಟಿಗೆ ಇರುತ್ತೆ, ಮೊಮ್ಮಗನ ಸೈಕಲ್ ಪಂಪ್ ಇರುತ್ತೆ, ಎಲ್ಲವೂ ತಿಂಡಿಯೇ. ನಾನೂ ಹಾಗೆ ಅಂದಿದ್ದರೆ ಹನ್ನೊಂದಕ್ಕೆ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದೆ. ಆದರೆ ರಾತ್ರಿ ಎರಡರವರೆಗೆ ಓದಿದ್ದು ತಿಂಡಿ ಅನ್ನುವುದಕ್ಕಾ?

"ಕಡಲೆಕಾಯಿ ಹಿಂಡಿ. ಎಚ್.ಎಸ್. 2305" ಅಂದೆ.

ಗುಮಾಸ್ತ ತಲೆಯೆತ್ತಿದ. ಕ್ಯೂನಲ್ಲಿದ್ದವರು ನನ್ನ ಕಡೆ ತಿರುಗಿದರು. ಇಷ್ಟು ಜನ ಒಟ್ಟಿಗೆ ನನ್ನ ಮಾತು ಕೇಳಿದ್ದು ನನ್ನ ಜೀವನದಲ್ಲಿ ಅಪರೂಪ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಬೇಕಲ್ಲ.

"ಇದರಲ್ಲಿ ಒಂದು ಸ್ವಾರಸ್ಯ ಇದೆ ನೋಡಿ. ವಿಶ್ವಸಂಸ್ಥೆಯವರು ಅಪಾಯಕಾರಿ ಸರಕುಗಳ ಪಟ್ಟಿ ಮಾಡಿದ್ದಾರಲ್ಲ, ಅದರಲ್ಲಿ ಎಣ್ಣೆಕಾಳಿನ ಹಿಂಡಿಯೂ ಇದೆ! ಒಂದೂವರೆ ಪರ್ಸೆಂಟಿಗಿಂತ ಹೆಚ್ಚು ಎಣ್ಣೆ ಇದ್ದರೆ ಯು.ಎನ್. ನಂಬರ್ 1386. ದರ್ಜೆ 4.2. ಅಂದರೆ, ತಾನಾಗೇ ಹೊತ್ತಿಕೊಳ್ಳೋ ವಸ್ತು."

ನನ್ನ ಹಿಂದಿದ್ದವರು ಎರಡು ಹೆಜ್ಜೆ ಹಿಂದೆ ಹೋದರು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸು ಬಾಗಿಲಿಂದಾಚೆ ಹೋದಳು. ಗುಮಾಸ್ತ ಒಂದು ಬೆರಳಿನಿಂದ ಡಬ್ಬವನ್ನು ನನ್ನ ಕಡೆ ತಳ್ಳಿದ.

"ತಗೊಂಡ್ಹೋಗಿ ಸಾರ್."

"ಅಯ್ಯೋ, ಇದು ಹೊತ್ತಿಕೊಳ್ಳೋಲ್ಲ ಕಣ್ರೀ! ಅದು ಹಡಗಿನಲ್ಲಿ ಸಾವಿರಾರು ಟನ್ ಗುಡ್ಡೆ ಹಾಕಿದಾಗ. ಉಳಿದ ಎಣ್ಣೆ ಗಾಳಿ ಜೊತೆ ಸೇರಿ ನಿಧಾನಕ್ಕೆ ಬಿಸಿಯಾಗುತ್ತೆ, ಒಳಗೆ ತೇವ ಇದ್ರೆ ಸೂಕ್ಷ್ಮಜೀವಿಗಳೂ ಬಿಸಿ ಸೇರಿಸ್ತವೆ, ಗುಡ್ಡೆಯ ನಡುವಿನ ಬಿಸಿ ಹೊರಗೆ ಹೋಗೋಕೆ ದಾರಿ ಇರೋಲ್ಲ. ಅದಕ್ಕೇ ಎಣ್ಣೆ ಬಹುಪಾಲು ತೆಗೆದ ಹಿಂಡಿಗೆ ಬೇರೆ ನಂಬರ್ ಇದೆ, 2217..."

"ನೀವೇ ಹೇಳಿದ್ರಲ್ಲ ಸಾರ್, ಹೊತ್ತಿಕೊಳ್ಳುತ್ತೆ ಅಂತ. ನಾನು ಕೇಳಿದ್ನಾ?"

ಅವನು ಕೇಳಿರಲಿಲ್ಲ. ಇದುವರೆಗೂ ನನ್ನನ್ನು ಯಾರೂ ಏನನ್ನೂ ಕೇಳಿಲ್ಲ, ನಾನಾಗೇ ಹೇಳುತ್ತಾ ಬಂದಿದ್ದೇನೆ.

ಮನೆಯಲ್ಲಿ ಈ ವಿಷಯ ಹೇಳದೆ ಇರೋಣ ಅಂದುಕೊಂಡೆ. ಆದರೆ ಕ್ಯೂನಲ್ಲಿದ್ದವರಲ್ಲಿ ಒಬ್ಬರು ನನ್ನವಳ ಭಜನಾ ಮಂಡಳಿಯವರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

"ಬಾಂಬ್ ಹಿಡ್ಕೊಂಡು ಹೋಗಿದ್ರಂತೆ?"

ಮಾನ ಉಳಿಸಿಕೊಳ್ಳಲು ಪಟ್ಟಿಯನ್ನೇ ಮುಂದಿಟ್ಟೆ. ಹಿಂಡಿ ಒಂದೇ ಅಲ್ಲ, ನಮ್ಮ ಅಡುಗೆಮನೆ, ಅಟ್ಟ, ಕೊಟ್ಟಿಗೆ ಎಲ್ಲವೂ ಅಪಾಯಕಾರಿ ಸರಕೇ ಅಂತ ತೋರಿಸಿದೆ. ಹರಳು ಹಿಂಡಿ 2969, ಒಂಬತ್ತನೇ ದರ್ಜೆ. ಚಿಪ್ಪನ್ನು ಸುಟ್ಟ ಇದ್ದಿಲು 1361. ಒಣ ನಾರು 3360. ಕೊಬ್ಬರಿ 1363, ಅದೂ ತಾನಾಗೇ ಹೊತ್ತಿಕೊಳ್ಳೋ ದರ್ಜೆಯೇ. ವಿಮಾನ ಹತ್ತುವವರ ಬ್ಯಾಗಿನಿಂದ ಒಣಕೊಬ್ಬರಿ ಎತ್ತಿಟ್ಟುಕೊಳ್ಳುವುದು ಇದಕ್ಕೇ.

"ನಿಮ್ಮಮ್ಮ ಜನ್ಮವಿಡೀ ಸಂಕ್ರಾಂತಿಗೆ ಡಬ್ಬಿಗಟ್ಟಲೆ ಕೊಬ್ಬರಿ ಹೆಚ್ಚಿಟ್ರು. ಒಂದು ದಿನವೂ ಅದು ಹೊತ್ತಿಕೊಳ್ಳಲಿಲ್ಲ. ಎಳ್ಳು ಬೀರೋಕೆ ಹೋಗೋವಾಗ ಫೈರ್ ಇಂಜಿನ್ ಕರ್ಕೊಂಡು ಹೋಗ್ಬೇಕಾ?"

"ಹುಲ್ಲು, ಬೂಸಾ ಕೂಡ ಇದೆ, 1327. ಬೇಗ ಬೆಂಕಿ ಹಿಡಿಯೋ ವಸ್ತು, ದರ್ಜೆ 4.1" ಅಂದೆ.

ಒಳಗಿಂದ ನಮ್ಮ ಸೋದರಮಾವ, ಎಂಬತ್ತರ ಮೇಲಿನವರು, ಗಹಗಹಿಸಿ ನಕ್ಕರು. "ಅದು ಮಾತ್ರ ನಿಜ ಕಣೋ! ನಮ್ಮ ಊರಲ್ಲೇ ಹಿಡಿದಿತ್ತು!"

ಅವರು ಹೇಳಿದ್ದು 1973ರ ಕಥೆ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಅಂದಿದ್ದೇ ತಡ, ರಾಜ್ಯವೆಲ್ಲ ಹೊತ್ತಿಕೊಂಡಿತ್ತು. ಬೀದಿಬೀದಿಯಲ್ಲಿ ಗಲಾಟೆ, ಸಚಿವರ ರಾಜೀನಾಮೆ. ದಲಿತ ಚಳವಳಿಗೆ ಕಿಡಿ ಬಿದ್ದದ್ದೂ ಅಲ್ಲೇ. ವಿಶ್ವಸಂಸ್ಥೆಯವರು 4.1 ಕೊಟ್ಟಿದ್ದರಲ್ಲಿ ಮೈಸೂರಿನವರಿಗೆ ತಕರಾರು ಇರಬಾರದು. ಮನೆಯಲ್ಲಿ ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಆ ಒಂದು ಬೂಸಾ ಮಾತ್ರ.

ಹಿಂಡಿಯ ಆಸೆ ಬಿಟ್ಟು ಕೋಕೋಪೀಟಿಗೆ ಕೈ ಹಾಕಿದೆ. ಇದನ್ನು ಕಂಡುಹಿಡಿದವರಿಗೆ ಅಡ್ಡ ಬೀಳಬೇಕು. ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ ಮೊದಲು ನಾರಿನ ಕಾರ್ಖಾನೆಗಳ ಹಿಂದೆ ಬೆಟ್ಟವಾಗಿ ಬಿದ್ದಿರುತ್ತಿತ್ತು. ಸಾಗಿಸೋಣ ಅಂದರೆ ಮತ್ತೆ ಅದೇ ಗಾಳಿಯ ಬಾಡಿಗೆ. ಅದನ್ನೇ ಈಗ ಯಂತ್ರದಲ್ಲಿಟ್ಟು ಐದು ಪಾಲನ್ನು ಒಂದು ಪಾಲಿಗೆ ಒತ್ತಿ, ಮೂವತ್ತು ಸೆಂಟಿಮೀಟರ್ ಚೌಕದ ಐದು ಕೆಜಿ ಇಟ್ಟಿಗೆ ಮಾಡಿ, ಹಡಗಿನಲ್ಲಿ ಪ್ರಪಂಚಕ್ಕೆಲ್ಲ ಕಳಿಸುತ್ತಾರೆ. ಹನ್ನೆರಡು ಸೆಂಟಿಮೀಟರ್ ದಪ್ಪ. ಗುಣಿಸಿ, ಭಾಗಿಸಿ, 2.16. ತಕ್ಕಡಿಯ ತೂಕವೇ ಹೆಚ್ಚು! ಮೊದಲ ಬಾರಿಗೆ ಟೇಪಿನ ಹುಡುಗನಿಗೆ ಮಣ್ಣು ಮುಕ್ಕಿಸುವ ಸರಕು ನನ್ನ ಕೈಗೆ ಸಿಕ್ಕಿತ್ತು.

ಎರಡು ಇಟ್ಟಿಗೆ ತಂದು ಡಬ್ಬಕ್ಕೆ ಹಾಕಿ, ನಮ್ಮ ತಂದೆಯವರು ಕಲಿಸಿದ ಗಂಟು ಹಾಕಿ ಕಟ್ಟಿದೆ. ಆ ಗಂಟಿನ ಬಗ್ಗೆ ಎರಡು ಮಾತು. ಅದು ಬಿಚ್ಚುವುದಿಲ್ಲ. ಮದುವೆಯಲ್ಲಿ ನಾನು ಕಟ್ಟಿದ್ದ ಮೂಟೆಯೊಂದು ಇವತ್ತಿಗೂ ಹಾಗೇ ಇದೆ, ಅದರಲ್ಲಿ ಏನಿದೆ ಅಂತ ಯಾರಿಗೂ ನೆನಪಿಲ್ಲ. ಡಬ್ಬವನ್ನು ಬೆಳಿಗ್ಗೆ ಕೊಂಡೊಯ್ಯಲೆಂದು ಹಿಂದಿನ ವರಾಂಡದಲ್ಲಿಟ್ಟು ಮಲಗಿದೆ.

ರಾತ್ರಿ ಚಾಮುಂಡಿ ಬೆಟ್ಟದ ಕಡೆಯಿಂದ ಮಳೆ ಬಂತು. ಮೈಸೂರಿನ ಬೇಸಿಗೆ ಮಳೆ ಗೊತ್ತಲ್ಲ, ಮೊದಲು ಧೂಳು, ಆಮೇಲೆ ಗುಡುಗು, ಆಮೇಲೆ ಕರೆಂಟು ಹೋಗುವುದು, ಕೊನೆಗೆ ಓರೆಯಾಗಿ ಬೀಳುವ ನೀರು. ಓರೆಯಾಗಿ ಬಿದ್ದ ನೀರು ವರಾಂಡ ತುಂಬಿತು. ಒಣ ಇಟ್ಟಿಗೆ ನೀರು ಕಂಡರೆ ಸುಮ್ಮನಿರೋಲ್ಲ. ಐದು ಕೆಜಿಯದೊಂದು ಇಟ್ಟಿಗೆ ಹೊಟ್ಟೆ ತುಂಬ ಕುಡಿದರೆ ಅರವತ್ತು ಲೀಟರಿಗಿಂತ ಹೆಚ್ಚು ಉಬ್ಬುತ್ತೆ. ನಾನು ಎರಡು ಇಟ್ಟಿದ್ದೆ.

ಬೆಳಿಗ್ಗೆ ಹಿಂಬಾಗಿಲು ತೆಗೆಯಲು ಹೋದರೆ ತೆರೆಯಲಿಲ್ಲ. ಆಚೆಯಿಂದ ಏನೋ ಒತ್ತುತ್ತಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ವರಾಂಡದ ತುಂಬ ಕಂದು ಬಣ್ಣದ ಗುಡ್ಡ, ಅದರ ಮೇಲೆ ಪಕ್ಕದ ಮನೆಯ ಬೆಕ್ಕು ಕಾಲು ಚಾಚಿ ಮಲಗಿತ್ತು. ಡಬ್ಬ ನಾಲ್ಕು ಕಡೆ ಸೀಳಿತ್ತು. ಗಂಟು ಮಾತ್ರ ಹಾಗೇ ಇತ್ತು. ಅಪ್ಪ ಸುಳ್ಳು ಹೇಳಿರಲಿಲ್ಲ.

"ಬಂಡವಾಳ ಬೆಳೆದಿದೆ" ಅಂದಳು ನನ್ನವಳು. ಕುಂಡಗಳನ್ನು ತಂದು ಸಾಲಾಗಿ ಜೋಡಿಸಿದಳು. ನಮ್ಮ ತಾರಸಿಯಲ್ಲಿ ಈಗ ಟೊಮ್ಯಾಟೊ ಬರುತ್ತಿದೆ. ಪುಣೆಯಲ್ಲಿ ಇನ್ನೂ ಇಲ್ಲ.

ಉಳಿದದ್ದು ಭತ್ತದ ಹೊಟ್ಟು. ಇದನ್ನು ಒತ್ತುವ ಯಂತ್ರ ನನ್ನಲ್ಲಿಲ್ಲ. ಐವತ್ತು ಕೆಜಿ ಭತ್ತ ಹಿಡಿಯುವ ಚೀಲಕ್ಕೆ ಹೊಟ್ಟು ತುಂಬಿದರೆ ಎಳೇ ಹುಡುಗ ಒಂದೇ ಕೈಯಲ್ಲಿ ಎತ್ತುತ್ತಾನೆ. ವಿಮಾನದವರ ಕೈಗೆ ಕೊಟ್ಟರೆ ನನ್ನ ಪಿಂಚಣಿ ಹೋಗುತ್ತೆ. ಆದ್ದರಿಂದ ಲಾರಿ. ಬಂಡೀಪಾಳ್ಯದ ಹತ್ತಿರ ಮಿಲ್ಲಿನ ಪರಿಚಯದವರು ಹೊಟ್ಟನ್ನು ಪುಕ್ಕಟೆ ಕೊಟ್ಟರು, ಚೀಲ ನಿಮ್ಮದೇ ತನ್ನಿ ಅಂದರು. ಅಟ್ಟದ ನಾಲ್ಕನೆಯ ಮೂಟೆಯಿಂದ ಗಟ್ಟಿಯಾದದ್ದೊಂದು ಎಳೆದುಕೊಂಡು ಹೋದೆ. ತುಂಬಿ, ದಬ್ಬಣದಿಂದ ನಾನೇ ಬಾಯಿ ಹೊಲಿದೆ. ಕೈಗೆ ಚುಚ್ಚಿದ ಗಾಯಗಳ ವಿವರ ಬೇಡ.

ಲಾರಿ ಆಫೀಸಿನವನು ಚೀಲವನ್ನು ಸುತ್ತು ಹಾಕಿ ನೋಡಿದ.

"ಏನಿದು?"

ಹಿಂಡಿಯ ಅನುಭವ ಇತ್ತಲ್ಲ, ಬಾಯಿ ಬಿಗಿ ಹಿಡಿದು "ಹೊಟ್ಟು" ಅಂದೆ. ಅಷ್ಟೇ. ನಂಬರ್ ಇಲ್ಲ, ವಿಶ್ವಸಂಸ್ಥೆ ಇಲ್ಲ.

"ಹೊಟ್ಟಾ? ಇಲ್ಲಿ ಯೂರಿಯಾ ಅಂತಿದೆ."

ಚೀಲದ ಮೇಲೆ ಗೇಣುದ್ದ ಅಕ್ಷರದಲ್ಲಿ ಬೇವು ಲೇಪಿತ ಯೂರಿಯಾ, 45 ಕೆಜಿ ಅಂತ ಅಚ್ಚಾಗಿತ್ತು. 2018ರಿಂದ ಯೂರಿಯಾ ಚೀಲ ಐವತ್ತರಿಂದ ನಲವತ್ತೈದಕ್ಕೆ ಇಳಿದಿದೆ ಅನ್ನುವುದು ಗೊತ್ತಿದ್ದರೂ ಹೇಳಲಿಲ್ಲ. ಇಷ್ಟು ಸಂಯಮ ನನ್ನ ಆಯುಷ್ಯದಲ್ಲೇ ಮೊದಲು.

"ಸಬ್ಸಿಡಿ ಯೂರಿಯಾ ಬಾರ್ಡರ್ ದಾಟಿಸಿದ್ರೆ ಕೇಸು ಆಗುತ್ತೆ ಯಜಮಾನ್ರೇ. ಈ ವಯಸ್ಸಲ್ಲಿ ಯಾಕೆ?"

ಹೊಟ್ಟು ಅಂತ ನಂಬಿಸಲು, ನಾನೇ ಹೊಲಿದಿದ್ದ ಬಾಯನ್ನು ನಾನೇ ಬಿಚ್ಚಬೇಕಾಯಿತು. ಬಿಚ್ಚಿದ ಕ್ಷಣಕ್ಕೆ ಸರಿಯಾಗಿ ಹೊರಗೆ ಲಾರಿಯೊಂದು ಸ್ಟಾರ್ಟ್ ಆಗಿ, ಗಾಳಿ ಒಳಗೆ ನುಗ್ಗಿ, ಆಫೀಸಿನ ಮೇಜು, ಲೆಡ್ಜರು, ಗಣಪತಿ ಫೋಟೋ, ಮ್ಯಾನೇಜರರ ಇಡ್ಲಿ ಎಲ್ಲದರ ಮೇಲೂ ಭತ್ತದ ಹೊಟ್ಟು ಕೂತಿತು. ಇದು ಯೂರಿಯಾ ಅಲ್ಲ ಅನ್ನುವುದು ಎಲ್ಲರಿಗೂ ಏಕಕಾಲಕ್ಕೆ ಸಾಬೀತಾಯಿತು. ಅಲ್ಲಿದ್ದ ಹಮಾಲಿಯೊಬ್ಬ ಚೀಲ ಖಾಲಿ ಮಾಡಿ, ಒಳಗು ಹೊರಗು ಮಾಡಿ, ಮತ್ತೆ ತುಂಬಿ, ನಾಲ್ಕೇ ಹೊಲಿಗೆಯಲ್ಲಿ ಬಾಯಿ ಮುಚ್ಚಿದ. "ಹಳೇ ಅಚ್ಚು ಕಾಣಬಾರದು ಸಾಮಿ, ಇದೇ ಮೊದಲನೇ ಪಾಠ" ಅಂದ. ಚೆಲುವಾಂಬ ಮ್ಯಾನ್ಷನ್ನಿನ ಗಾಳಿ ಅವನ ಕಡೆ ಬೀಸಿರಬೇಕು.

ರಸೀತಿ ಕೈಗೆ ಬಂತು. ವಿವರದ ಕಲಮಿನಲ್ಲಿ ಹೊಟ್ಟು ಅಂತ ಬರೆದು, ಪಕ್ಕದಲ್ಲಿ 'ಸೆಡ್ ಟು ಕಂಟೇನ್' ಅಂತ ಹಾಕಿದ್ದರು. ಒಳಗೆ ಇಂಥದ್ದಿದೆ ಅಂತ ಪಾರ್ಟಿ ಹೇಳಿದ್ದಾರೆ, ನಾವು ನೋಡಿಲ್ಲ ಅಂತ ಅದರ ಅರ್ಥ. ನೋಡಿಲ್ಲವಂತೆ! ಇಡ್ಲಿಯ ಮೇಲೆ ಕೂತಿದ್ದದ್ದು ಏನು ಹಾಗಾದರೆ? ಕೆಳಗೆ ಇನ್ನೊಂದು ಮುದ್ರೆ, 'ಓನರ್ಸ್ ರಿಸ್ಕ್'. ಏನಾದರೂ ಆದರೆ ನೀನೇ ಹೊಣೆ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಈ ಎರಡು ಮುದ್ರೆ ಹಾಕುವ ಪದ್ಧತಿ ಇದ್ದಿದ್ದರೆ ನನ್ನ ಮಾವನವರಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಅಮೆರಿಕದಲ್ಲಿರುವ ಭಾವಮೈದನಿಗೆ ಈ ಸಾಹಸಗಳ ಸುದ್ದಿ ಹೋಗಿ, ಅವನೂ ಒಂದು ಪಟ್ಟಿ ಕಳಿಸಿದ. ಗೃಹಪ್ರವೇಶದ ಹೋಮಕ್ಕೆ ಬೆರಣಿ, ಊಟಕ್ಕೆ ಹಾಳೆ ತಟ್ಟೆ, ಎಲ್ಲವನ್ನೂ ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಕಳಿಸಬೇಕಂತೆ. ನಾನು ಫೋನಿನಲ್ಲೇ ಪಾಠ ಮಾಡಿದೆ. ಬೆರಣಿ ಆಗೋಲ್ಲ, 2021ರಲ್ಲಿ ವಾಷಿಂಗ್ಟನ್ನಿನ ಡಲ್ಲೆಸ್ ಏರ್‌ಪೋರ್ಟಿನಲ್ಲಿ ಭಾರತದಿಂದ ಬಂದ ಸೂಟ್‌ಕೇಸಿನಲ್ಲಿ ಎರಡು ಬೆರಣಿ ಸಿಕ್ಕಿ, ಕಾಲುಬಾಯಿ ರೋಗದ ಭಯಕ್ಕೆ ನಾಶ ಮಾಡಿದರು. ತಟ್ಟೆ ಆಗೋಲ್ಲ, ಅಡಿಕೆಯ ಅಂಶ ಊಟಕ್ಕೆ ಸೇರುತ್ತೆ ಅಂತ 2025ರ ಮೇ ತಿಂಗಳಿಂದ ಅಲ್ಲಿನ ಆಹಾರ ಇಲಾಖೆ ಹಾಳೆ ತಟ್ಟೆಗಳನ್ನು ಬಂದರಿನಲ್ಲೇ ತಡೆಯುತ್ತಿದೆ, ನಮ್ಮ ಮಲೆನಾಡಿನವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಹುಲ್ಲು ಆಗೋಲ್ಲ, ಹುಳು ಬರುತ್ತೆ. ಮರದ ಪೆಟ್ಟಿಗೆ ಆಗುತ್ತೆ, ಆದರೆ ಮರದ ತಿರುಳಿನವರೆಗೂ 56 ಡಿಗ್ರಿ ಬಿಸಿ ಮುಟ್ಟಿ 30 ನಿಮಿಷ ನಿಲ್ಲಬೇಕು, ಅದಕ್ಕೊಂದು ಮುದ್ರೆ ಬೀಳಬೇಕು. ಮೈಸೂರಿನ ಏಪ್ರಿಲ್ ಬಿಸಿಲು ನಲವತ್ತು ಮುಟ್ಟೋದೇ ಅಪರೂಪ.

"ಒಟ್ಟಿನಲ್ಲಿ ಏನು ಕಳಿಸಬಹುದು ಭಾವ?"

"ಖಾಲಿ ಪೆಟ್ಟಿಗೆ."

"ಭಾವಾ, ನೀವು ಈ ವಿಷಯದಲ್ಲಿ ಎಕ್ಸ್‌ಪರ್ಟ್ ಆಗಿಬಿಟ್ರಿ!" ಅಂದ. ಅವನು ಹೇಳಿದ್ದು ವ್ಯಂಗ್ಯವೋ ಏನೋ. ನಾನು ಸ್ಪೀಕರ್ ಹಾಕಿದ್ದು ಮಾತ್ರ ನಿಜ.

ಆ ಹುಮ್ಮಸ್ಸಿನಲ್ಲೇ ಸಂಜೆ ನನ್ನವಳಿಗೆ ಅಮೆರಿಕದ ಲಾರಿಯವರ ಗುಟ್ಟು ಬಿಚ್ಚಿದೆ. ಯಾವುದೇ ಸರಕಿಗೆ ದರ್ಜೆ ಕೊಡುವಾಗ ಅವರು ನೋಡುವುದು ನಾಲ್ಕು ವಿಷಯ: ತೂಕಕ್ಕೆ ಎಷ್ಟು ಜಾಗ ಹಿಡಿಯುತ್ತೆ, ಬೇರೆ ಸಾಮಾನಿನ ಜೊತೆ ಹೊಂದುತ್ತಾ, ಎತ್ತಿ ಇಳಿಸೋದು ಎಷ್ಟು ಕಷ್ಟ, ಕೆಟ್ಟರೆ ಒಡೆದರೆ ನಷ್ಟ ಎಷ್ಟು. ಅವಳು ಹುರುಳಿಕಾಯಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಜಾಗ. ತೂಕ ಅಷ್ಟಕ್ಕಷ್ಟೇ, ಪೇಪರ್ ಹರವಿಕೊಂಡು ಕೂತ್ರೆ ಸೋಫಾದಲ್ಲಿ ಇನ್ನೊಬ್ಬರು ಕೂರೋ ಹಾಗಿಲ್ಲ. ಹೊಂದಾಣಿಕೆ. ನಮ್ಮಣ್ಣನ ಪಕ್ಕ ಕೂರಿಸಿದ್ರೆ ಕಾಫಿ ಬರೋ ಮೊದಲು ಜಗಳ. ಎತ್ತೋದು ಇಳಿಸೋದು. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸೋದು ಸಾಕು, ಬೇರೆ ಹೇಳ್ಬೇಕಾ? ಇನ್ನು ಕೆಡೋದು. ಸಾರಿಗೆ ಉಪ್ಪು ಕಮ್ಮಿ ಆದ್ರೆ ಸಾಕು, ತಾನಾಗೇ ಹೊತ್ತಿಕೊಳ್ಳುತ್ತೆ."

"ಹಾಗಾದ್ರೆ ಯಾವ ದರ್ಜೆ?"

"ಅದೇನೋ ಹೇಳಿದ್ರಲ್ಲ, ಐನೂರು."

ಬೇರೆಯವರಾಗಿದ್ದರೆ ಮುಖ ಸಪ್ಪಗೆ ಮಾಡುತ್ತಿದ್ದರು. ನಾನು ಯೋಚಿಸಿದೆ. ಐನೂರು ಅಂದರೆ ಪಟ್ಟಿಯ ತುತ್ತತುದಿ. ಅದರ ಮೇಲೆ ದರ್ಜೆಯೇ ಇಲ್ಲ. ನಮ್ಮ ವಂಶದಲ್ಲಿ ಇದುವರೆಗೆ ಯಾರೂ ಸೆಕೆಂಡ್ ಕ್ಲಾಸ್ ದಾಟಿರಲಿಲ್ಲ.

ಅಷ್ಟರಲ್ಲಿ ಎದುರು ಮನೆಯವರು ಬಂದರು. ಅಳಿಯ ಹುಬ್ಬಳ್ಳಿಯಲ್ಲಿದ್ದಾನಂತೆ, ಕೈತೋಟಕ್ಕೆ ಒಂದಿಷ್ಟು ನಾರಿನ ಪುಡಿ, ತೌಡು ಕಳಿಸಬೇಕಂತೆ. "ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಂತಲ್ಲ ಸಾರ್."

ನಾನು ಕನ್ನಡಕ ಸರಿಮಾಡಿಕೊಂಡೆ. "ಕೂತ್ಕೊಳ್ಳಿ. ಮೊದಲು ಬ್ರಸೆಲ್ಸ್‌ನಿಂದ ಶುರು ಮಾಡೋಣ" ಅಂದೆ. ಅಧ್ಯಾಯ 23ರವರೆಗೆ ಬಂದಿದ್ದೆ. ನನ್ನವಳು ಕಾಫಿ ತಂದಿಟ್ಟು, ಚೀಟಿಯಲ್ಲಿ ಕೊರಿಯರ್ ಹುಡುಗನ ನಂಬರ್ ಬರೆದುಕೊಟ್ಟಳು. ಅವರು ಅವಳಿಗೆ ಕೈಮುಗಿದು, ಕಾಫಿ ಕುಡಿದು, ಹೊರಟೇಹೋದರು.

"ಮುಗೀತಾ ಕನ್ಸಲ್ಟೇಶನ್ನು? ಫೀಸು?" ಅಂದಳು ಲೋಟ ಎತ್ತುತ್ತಾ.

"ಮುಂದಿನ ಸಲ ಬಂದಾಗ ಕೊಡ್ತಾರಂತೆ."

"ಹಾಗಂತ ಹೇಳಿದ್ರಾ?"

"ಸೆಡ್ ಟು ಕಂಟೇನ್" ಅಂದೆ.